ನಾಡಿ ಸಿಗದ ರೋಗಿಯ ಹೊಟ್ಟೆನೋವು

2022ರ ಸೆಪ್ಟೆಂಬರಿನಲ್ಲಿ ಚಿಕ್ಕಮಗಳೂರಿನಿಂದ ಒಂದು ಹೃದಯ ಹೆಲಿಕಾಪ್ಟರ್ ಏರಿ ಬೆಂಗಳೂರಿಗೆ ಹೋಯಿತು. ಜಿಲ್ಲಾಸ್ಪತ್ರೆಯಲ್ಲಿ ಮೆದುಳು ನಿಷ್ಕ್ರಿಯಗೊಂಡಿದ್ದ ವಿದ್ಯಾರ್ಥಿನಿಯೊಬ್ಬಳ ಅಂಗಾಂಗಗಳನ್ನು ದಾನ ಮಾಡಲು ಮನೆಯವರು ಒಪ್ಪಿದ್ದರು. ಊರಿಗೆ ಊರೇ ಆ ದಿನ ಕಣ್ಣೀರಾಯಿತು. ದೇಹದಿಂದ ತೆಗೆದ ಹೃದಯವನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟರೂ ಅದಕ್ಕಿರುವುದು ಹೆಚ್ಚುಕಡಿಮೆ ನಾಲ್ಕು ಗಂಟೆಯ ಅವಧಿ. ಅಷ್ಟರೊಳಗೆ ಅದು ಇನ್ನೊಂದು ಎದೆಗೆ ಸೇರಿ ರಕ್ತ ಹರಿಸಲು ಶುರುಮಾಡಬೇಕು. ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ದಾರಿಯೇ ಆ ನಾಲ್ಕು ಗಂಟೆಯನ್ನು ನುಂಗಿಬಿಡುತ್ತದೆ. ಹಾಗಾಗಿ ಹೆಲಿಕಾಪ್ಟರ್.

ಅಂಥ ಹೃದಯ ಬೇಕಾದವರು ಬಹಳ, ಸಿಗುವುದು ಕೆಲವರಿಗೆ. ಭಾರತದ ಮೊದಲ ಹೃದಯ ಕಸಿಯನ್ನು 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಮತ್ತು ಅವರ ತಂಡ ಮಾಡಿತು. ಅದಾಗಿ ಮೂವತ್ತು ವರ್ಷ ಕಳೆದರೂ ದಾನಿಗಳ ಕೊರತೆ ನೀಗಿಲ್ಲ. ರಕ್ತದ ಗುಂಪು ಹೊಂದಬೇಕು, ದಾನಿಯ ಮತ್ತು ರೋಗಿಯ ಮೈಕಟ್ಟು ಹೊಂದಬೇಕು, ಹೊತ್ತಿಗೆ ಸರಿಯಾಗಿ ತಲುಪಬೇಕು. ಅಷ್ಟರವರೆಗೆ ಸೋತ ಹೃದಯ ತಡೆಯಬೇಕಲ್ಲ? ಆ ಕಾಯುವಿಕೆಗೆ ನೆರವಾಗುವುದು ಹೃದಯದ ಸಹಾಯಕ ಪಂಪು. ಎಡ ಹೃತ್ಕುಕ್ಷಿಗೆ ಅಳವಡಿಸುವ ಈ ಯಂತ್ರವನ್ನು ವೈದ್ಯರು ಎಲ್‌ವಿಎಡಿ ಎಂದು ಕರೆಯುತ್ತಾರೆ.

ಇಂಥ ಪಂಪು ಹಾಕಿಸಿಕೊಂಡವರು ಮನೆಗೆ ಮರಳುತ್ತಾರೆ, ತೋಟದಲ್ಲಿ ಓಡಾಡುತ್ತಾರೆ, ಮದುವೆ ಮನೆಗೆ ಹೋಗಿ ಊಟ ಮಾಡುತ್ತಾರೆ. ಮತ್ತು ಎಲ್ಲರ ಹಾಗೆ ಅವರಿಗೂ ಪಿತ್ತಕೋಶದಲ್ಲಿ ಕಲ್ಲಾಗುತ್ತದೆ, ಹರ್ನಿಯಾ ಬರುತ್ತದೆ, ಅಪೆಂಡಿಕ್ಸ್ ಊದಿಕೊಳ್ಳುತ್ತದೆ, ಕರುಳಲ್ಲಿ ಗಂಟು ಕಾಣಿಸುತ್ತದೆ. ಎದೆಯಲ್ಲಿ ಯಂತ್ರ ಓಡುತ್ತಿರುವವರ ಹೊಟ್ಟೆಗೆ ಕತ್ತರಿ ಹಾಕುವುದು ಹೇಗೆ ಎಂಬುದೇ ಈ ಅಧ್ಯಾಯದ ವಿಷಯ. ಉತ್ತರದ ಅರ್ಧ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿದೆ. ಉಳಿದರ್ಧ ಮೂಡಿಗೆರೆ, ಕಳಸದಂಥ ಊರುಗಳ ಆಸ್ಪತ್ರೆಯ ಮೊದಲ ಹತ್ತು ನಿಮಿಷಗಳಲ್ಲಿದೆ.

ಬಡಿತವಿಲ್ಲದ ಹರಿವು

ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೈಕೆಲ್ ಡಿಬೇಕಿ 1966ರಲ್ಲಿ ಇಂಥ ಸಹಾಯಕ ಪಂಪನ್ನು ಯಶಸ್ವಿಯಾಗಿ ಬಳಸಿದರು. ಮೊದಮೊದಲ ಪಂಪುಗಳು ಹೃದಯದ ಬಡಿತವನ್ನೇ ಅನುಕರಿಸುತ್ತಿದ್ದವು. ಚೀಲವೊಂದು ತುಂಬುವುದು, ಹಿಂಡುವುದು. ಅವು ದೊಡ್ಡವು, ಸದ್ದಿನವು, ಬೇಗ ಸವೆಯುವಂಥವು. ಆದರೂ 2001ರಲ್ಲಿ ಪ್ರಕಟವಾದ ರಿಮ್ಯಾಚ್ ಅಧ್ಯಯನ ಒಂದು ವಿಷಯವನ್ನು ಖಚಿತಪಡಿಸಿತು. ಕಸಿಗೆ ಅರ್ಹರಲ್ಲದ, ಔಷಧಿಗೆ ಬಗ್ಗದ ರೋಗಿಗಳಲ್ಲಿ ಬರೀ ಔಷಧಿ ಪಡೆದವರ ಪೈಕಿ ಒಂದು ವರ್ಷ ಬದುಕಿದವರು ಶೇ. 25, ಪಂಪು ಪಡೆದವರಲ್ಲಿ ಶೇ. 52.

ದಿಕ್ಕು ಬದಲಿಸಿದ್ದು ರಿಚರ್ಡ್ ವಾಂಪ್ಲರ್ ಎಂಬ ವೈದ್ಯರ ಕಣ್ಣಿಗೆ ಬಿದ್ದ ಒಂದು ನೋಟ. 1976ರಲ್ಲಿ ಈಜಿಪ್ಟಿನ ಹಳ್ಳಿಯೊಂದರಲ್ಲಿ ಜನ ಆರ್ಕಿಮಿಡೀಸನ ತಿರುಪನ್ನು ತಿರುಗಿಸಿ ಹೊಲಕ್ಕೆ ನೀರೆತ್ತುವುದನ್ನು ಅವರು ನೋಡಿದರು. ರಕ್ತವನ್ನೂ ಹೀಗೆ ತಿರುಗುವ ತಿರುಪಿನಿಂದ ಸಾಗಿಸಬಾರದೇಕೆ? ಆ ಯೋಚನೆಯಿಂದ ಬಂದ ಹೀಮೋಪಂಪ್ 1988ರಲ್ಲಿ ರೋಗಿಯ ದೇಹದಲ್ಲಿ ಓಡಿತು. ಬಡಿಯದೆ, ಸುತ್ತುತ್ತ ರಕ್ತ ಹರಿಸುವ ಪಂಪುಗಳ ಕಾಲ ಹೀಗೆ ಬಂತು. ಹಾರ್ಟ್‌ಮೇಟ್ 2 ಆ ಸಾಲಿನದು. 2014ರಲ್ಲಿ ಜರ್ಮನಿಯ ಹ್ಯಾನೋವರ್‌ನಲ್ಲಿ ಮೊದಲು ಅಳವಡಿಸಿದ ಹಾರ್ಟ್‌ಮೇಟ್ 3ರಲ್ಲಿ ತಿರುಗುವ ಚಕ್ರಕ್ಕೆ ಬೇರಿಂಗೇ ಇಲ್ಲ. ಅಯಸ್ಕಾಂತದ ಬಲದಿಂದ ಅದು ರಕ್ತದ ನಡುವೆ ತೇಲುತ್ತ ನಿಮಿಷಕ್ಕೆ ಸಾವಿರಾರು ಸುತ್ತು ಸುತ್ತುತ್ತದೆ. ಇದನ್ನು ಅಳವಡಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಐದು ವರ್ಷ ದಾಟಿ ಬದುಕಿದ್ದಾರೆಂದು ಮೊಮೆಂಟಮ್ 3 ಅಧ್ಯಯನ ತೋರಿಸಿದೆ. ಐದು ವರ್ಷ ಬದುಕುವವರಿಗೆ ಐದು ವರ್ಷದ ಕಾಯಿಲೆಗಳೂ ಬರುತ್ತವೆ. ಹೊಟ್ಟೆಯ ಶಸ್ತ್ರಚಿಕಿತ್ಸೆಯ ಪ್ರಶ್ನೆ ಎದ್ದಿರುವುದು ಪಂಪುಗಳು ಗೆದ್ದಿರುವುದರಿಂದಲೇ.

ಕರ್ನಾಟಕದಲ್ಲಿ 2008ರಲ್ಲಿ ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಆಸ್ಟ್ರೇಲಿಯಾದ ವೆಂಟ್ರಾಸಿಸ್ಟ್ ಎಂಬ ಪಂಪನ್ನು ಅಳವಡಿಸಿದ್ದು ದೊಡ್ಡ ಸುದ್ದಿಯಾಗಿತ್ತು. ಮರುವರ್ಷವೇ ಅದನ್ನು ತಯಾರಿಸುತ್ತಿದ್ದ ವೆಂಟ್ರಾಕಾರ್ ಕಂಪನಿ ಆರ್ಥಿಕವಾಗಿ ಕುಸಿಯಿತು. 2021ರ ಜೂನ್‌ನಲ್ಲಿ ಮೆಡ್‌ಟ್ರಾನಿಕ್ ಕಂಪನಿ ತನ್ನ ಎಚ್‌ವಿಎಡಿ ಪಂಪಿನ ಮಾರಾಟ ನಿಲ್ಲಿಸಿತು. ಮಾರಾಟ ನಿಂತರೂ ಆಗಲೇ ಎದೆಯೊಳಗಿದ್ದ ಪಂಪುಗಳು ಓಡುತ್ತಲೇ ಇದ್ದವು. ಆದ್ದರಿಂದ ಇಂಥ ರೋಗಿಯನ್ನು ನೋಡುವ ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ, ಒಳಗಿರುವುದು ಯಾವ ಪಂಪು ಎಂಬುದು. ಒಂದೊಂದರ ನಡೆ ಒಂದೊಂದು ಬಗೆ.

ಪಂಪು ಕೆಲಸ ಮಾಡುವ ಬಗೆ ಕಾಫಿ ಬೆಳೆಗಾರರಿಗೆ ಹೊಸದಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ನೀರು ಹೊಡೆಯಲು ಕೆರೆಯ ದಂಡೆಗೆ ಪಂಪ್‌ಸೆಟ್ಟು ಇಳಿಸಿ, ಗುಡ್ಡದ ಮೇಲಿನ ಸ್ಪ್ರಿಂಕ್ಲರ್ ಜೆಟ್ಟುಗಳಿಗೆ ಪೈಪು ಎಳೆಯುತ್ತಾರೆ. ಕೆರೆ ತಳ ಕಂಡರೆ ಪಂಪು ಗಾಳಿ ಎಳೆದು ಕಿರುಚುತ್ತದೆ. ಪೈಪು ಎಲ್ಲೋ ಮಡಚಿಕೊಂಡರೆ ಇಂಜಿನ್ ಓಡುತ್ತಿದ್ದರೂ ಜೆಟ್ಟಿಗೆ ನೀರು ಏರುವುದಿಲ್ಲ. ಹೃದಯದ ಪಂಪಿಗೂ ಇವೇ ಎರಡು ಕಟ್ಟಳೆ. ಎಡ ಹೃತ್ಕುಕ್ಷಿಗೆ ಸಾಕಷ್ಟು ರಕ್ತ ಬಂದು ತುಂಬಬೇಕು. ಮುಂದಿನ ರಕ್ತನಾಳಗಳಲ್ಲಿ ಒತ್ತಡ ಮಿತಿಮೀರಬಾರದು. ರಕ್ತ ಕಡಿಮೆಯಾದಾಗ ಪಂಪು ಹೃತ್ಕುಕ್ಷಿಯ ಗೋಡೆಯನ್ನೇ ತನ್ನ ಬಾಯಿಗೆ ಎಳೆದುಕೊಳ್ಳುತ್ತದೆ. ಆಗ ಹರಿವು ಕುಸಿಯುತ್ತದೆ, ಹೃದಯದ ಲಯ ತಪ್ಪುತ್ತದೆ. ಒತ್ತಡ ಏರಿದರೆ ಹರಿವು ತಗ್ಗುತ್ತದೆ, ಮೆದುಳಿನಲ್ಲಿ ರಕ್ತಸ್ರಾವದ ಭಯವೂ ಇದೆ. ಇನ್ನೊಂದು ಮುಖ್ಯ ಸಂಗತಿಯಿದೆ. ಪಂಪು ಸಹಾಯ ಮಾಡುವುದು ಎಡಗಡೆಗೆ ಮಾತ್ರ. ಎಡಗಡೆಗೆ ರಕ್ತ ತಂದುಕೊಡುವ ಬಲ ಹೃತ್ಕುಕ್ಷಿ ತನ್ನ ಸ್ವಂತ ಶಕ್ತಿಯಿಂದಲೇ ದುಡಿಯಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕೈಕೊಡುವುದು ಹೆಚ್ಚಾಗಿ ಇದೇ ಬಲಭಾಗ.

ಮೊದಲ ಹತ್ತು ನಿಮಿಷ

ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ವಸ್ತಾರೆ ಕಡೆಯ ಸಣ್ಣ ಬೆಳೆಗಾರರು, ವಯಸ್ಸು ಐವತ್ತೈದರ ಮೇಲೆ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಪಂಪು ಅಳವಡಿಸಿದ್ದಾರೆ. ರಾತ್ರಿ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ನೋವು, ವಾಂತಿ, ಬೆಳಗಿನ ಜಾವಕ್ಕೆ ಜ್ವರ. ಮಗ ಹತ್ತಿರದ ಆಸ್ಪತ್ರೆಗೆ ಕರೆತರುತ್ತಾನೆ. ನರ್ಸ್ ಮಣಿಕಟ್ಟು ಹಿಡಿದು ನೋಡುತ್ತಾರೆ, ನಾಡಿ ಸಿಗದು. ಬಿ.ಪಿ. ಮಿಷನ್ನು ಗಾಳಿ ತುಂಬಿಕೊಂಡು ಬಿಟ್ಟು ಕೊನೆಗೆ ದೋಷ ಎಂದು ತೋರಿಸುತ್ತದೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಜನ್ ಮಾಪಕವೂ ಸರಿಯಾದ ಅಂಕಿ ಕೊಡುವುದಿಲ್ಲ. ಅದೂ ಬಡಿತವನ್ನು ಹುಡುಕುವ ಯಂತ್ರವೇ. ಇಷ್ಟಾದರೂ ರೋಗಿ ಕಣ್ಣು ಬಿಟ್ಟು ಮಾತಾಡುತ್ತಿದ್ದಾರೆ.

ಮಗನಿಗೆ ತಿಳಿವಳಿಕೆ ಇದ್ದರೆ ಅವನು ಹೇಳುವುದು ಹೀಗೆ: "ಸಿಸ್ಟರ್, ಅಪ್ಪಂಗೆ ನಾಡಿ ಸಿಗಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ಗುಂಯ್ ಅಂತ ಒಂದೇ ಸಮ ಶಬ್ದ ಬರುತ್ತೆ. ಅದು ಬರ್ತಿದ್ರೆ ಪಂಪ್ ಓಡ್ತಿದೆ ಅಂತ ಅರ್ಥ."

ಅವನು ಹೇಳಿದ್ದು ಸರಿ. ಹಾರ್ಟ್‌ಮೇಟ್ 3 ಪಂಪು ಪ್ರತಿ ಎರಡು ಸೆಕೆಂಡಿಗೊಮ್ಮೆ ತನ್ನ ವೇಗವನ್ನು ಕ್ಷಣಕಾಲ ಇಳಿಸಿ ಏರಿಸುತ್ತದೆ. ರಕ್ತ ಒಂದೆಡೆ ನಿಂತು ಹೆಪ್ಪುಗಟ್ಟದಿರಲಿ ಎಂಬುದು ಇದರ ಉದ್ದೇಶ. ಹಾಗಾಗಿ ಶಬ್ದದಲ್ಲಿ ಸಣ್ಣ ಏರಿಳಿತ ಕೇಳಿಸಬಹುದು. ರಕ್ತದೊತ್ತಡ ಅಳೆಯಲು ತೋಳಿಗೆ ಕಫ್ ಕಟ್ಟಿ, ಮೊಣಕೈ ಒಳಬದಿಯ ಧಮನಿಯ ಮೇಲೆ ಸಣ್ಣ ಡಾಪ್ಲರ್ ಯಂತ್ರವಿಟ್ಟು ಆಲಿಸಬೇಕು. ಕಫ್‌ನ ಗಾಳಿ ಇಳಿಸುತ್ತ ಬಂದಾಗ ಹರಿವಿನ ಸದ್ದು ಮರುಕಳಿಸುವ ಹಂತವೇ ಒತ್ತಡದ ಅಂದಾಜು. ಸಾಮಾನ್ಯವಾಗಿ ಅದು 70ರಿಂದ 90 ಮಿ.ಮೀ. ಪಾದರಸದ ನಡುವೆ ಇದ್ದರೆ ಒಳ್ಳೆಯದು.

ಈ ಹಂತದಲ್ಲಿ ಎರಡು ದೊಡ್ಡ ತಪ್ಪುಗಳಾಗಬಹುದು. ನಾಡಿಯಿಲ್ಲವೆಂದು ಗಾಬರಿಯಾಗಿ ಎದೆ ಒತ್ತಲು ಶುರುಮಾಡುವುದು ಮೊದಲನೆಯದು. ಅಮೆರಿಕದ ಹೃದಯ ಸಂಘ 2017ರಲ್ಲಿ ಈ ಬಗ್ಗೆ ಸ್ಪಷ್ಟ ಮಾರ್ಗಸೂಚಿ ಕೊಟ್ಟಿತು. ಮೊದಲು ರೋಗಿಗೆ ಪ್ರಜ್ಞೆ ಇದೆಯೇ, ಉಸಿರಾಟ ಸರಿಯಿದೆಯೇ, ಚರ್ಮದ ಬಣ್ಣ ಹೇಗಿದೆ, ಪಂಪಿನ ಗುಂಯ್‌ಗುಟ್ಟುವಿಕೆ ಕೇಳುತ್ತದೆಯೇ ನೋಡಿ. ಪಂಪು ನಿಂತಿದ್ದರೆ ಮೈಹೊರಗಿರುವ ವೈರು, ಬ್ಯಾಟರಿ, ಪಂಪನ್ನು ನಿಯಂತ್ರಿಸುವ ಕಂಟ್ರೋಲರ್ ಸರಿಪಡಿಸಿ. ಪ್ರಜ್ಞೆ ತಪ್ಪಿ, ರಕ್ತ ಸಂಚಾರ ನಿಂತೇಹೋಗಿದೆ ಎಂದು ಖಚಿತವಾದರೆ ಎದೆ ಒತ್ತಲು ಹಿಂಜರಿಯಬೇಡಿ. ಇದು ಅದರ ಸಾರ.

ಎರಡನೆಯ ತಪ್ಪು ಇಸಿಜಿಯದು. ಪಂಪು ಇರುವವರ ಇಸಿಜಿ ಭಯ ಹುಟ್ಟಿಸುವಂತೆ ಇರಬಹುದು. ಹೃದಯದ ಲಯ ಪೂರಾ ಕೆಟ್ಟು ಬರೀ ಕಂಪಿಸುತ್ತಿದ್ದರೂ ಪಂಪಿನ ಬಲದಿಂದ ಸ್ವಲ್ಪ ಹೊತ್ತು ಮಾತಾಡುತ್ತ ಕೂತ ರೋಗಿಗಳಿದ್ದಾರೆ. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಸಾಮಾನ್ಯ ರೋಗಿಗಳಿಗೆ ಅದು ಜೀವ ಉಳಿಸುವ ಔಷಧಿ. ಮೊದಲೇ ರಕ್ತ ತೆಳುವಾಗಿಸುವ ಮಾತ್ರೆಯ ಮೇಲಿರುವ ಪಂಪಿನ ರೋಗಿಗೆ ಅದೇ ಚುಚ್ಚುಮದ್ದು ಪ್ರಾಣಾಂತಿಕ ರಕ್ತಸ್ರಾವ ತರಬಲ್ಲದು. ಆದ್ದರಿಂದ ಎದೆಯ ಗಾಯದ ಗುರುತು ಮತ್ತು ಹೊಟ್ಟೆಯಿಂದ ಹೊರಬಂದ ಪಂಪಿನ ವೈರನ್ನು ಕಣ್ಣಾರೆ ಕಂಡ ಮೇಲೆಯೇ ಮುಂದಿನ ನಿರ್ಧಾರ.

ರಕ್ತದ ಎರಡು ಅಪಾಯ

ನಮ್ಮ ಬೆಳೆಗಾರರ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು, ಊತ, ಸೋಂಕು ಕಂಡಿತು ಎಂದುಕೊಳ್ಳಿ. ಸ್ಕ್ಯಾನಿಂಗ್, ಸಿ.ಟಿ. ಮಾಡಬಹುದು. ಎಂ.ಆರ್.ಐ. ಮಾತ್ರ ಮಾಡುವಂತಿಲ್ಲ, ಅದರ ಅಯಸ್ಕಾಂತ ಪಂಪಿಗೆ ಶತ್ರು. ಇನ್ನು ಶಸ್ತ್ರಚಿಕಿತ್ಸಕರ ಮುಂದಿನ ಮೊದಲ ಸವಾಲು ರಕ್ತದ್ದು.

ಲೋಹದ ಮೇಲೆ ಹರಿಯುವ ರಕ್ತ ಹೆಪ್ಪುಗಟ್ಟಲು ಹವಣಿಸುತ್ತದೆ. ಹೆಪ್ಪು ಪಂಪಿನಲ್ಲಿ ಸಿಕ್ಕರೆ ಯಂತ್ರ ಕೆಡುತ್ತದೆ, ಮೆದುಳಿಗೆ ಹೋದರೆ ಪಾರ್ಶ್ವವಾಯು. ಅದಕ್ಕಾಗಿ ಈ ರೋಗಿಗಳು ವಾರ್ಫರಿನ್ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ಐಎನ್‌ಆರ್ ಎಂಬ ರಕ್ತಪರೀಕ್ಷೆಯ ಅಂಕಿಯನ್ನು 2ರಿಂದ 3ರೊಳಗೆ ಇಟ್ಟುಕೊಳ್ಳುತ್ತಾರೆ. ಹಿಂದೆ ಇದರ ಜೊತೆಗೆ ಆಸ್ಪಿರಿನ್ ಕೂಡ ಕಡ್ಡಾಯವಾಗಿತ್ತು. ಹಾರ್ಟ್‌ಮೇಟ್ 3 ಇರುವವರು ಆಸ್ಪಿರಿನ್ ಬಿಟ್ಟರೆ ಹೆಪ್ಪಿನ ತೊಂದರೆ ಹೆಚ್ಚದೆ ರಕ್ತಸ್ರಾವ ಕಡಿಮೆಯಾಗುತ್ತದೆ ಎಂದು 2023ರ ಏರೀಸ್ ಅಧ್ಯಯನ ತೋರಿಸಿತು.

ಹೆಪ್ಪಿನದು ಒಂದು ಕಡೆಯ ಅಪಾಯವಾದರೆ ರಕ್ತ ಸೋರುವುದು ಇನ್ನೊಂದು ಕಡೆಯದು. ಗಾಯವಾದಾಗ ಪ್ಲೇಟ್‌ಲೆಟ್‌ಗಳನ್ನು ನಾಳದ ಗೋಡೆಗೆ ಅಂಟಿಸುವ ಪ್ರೋಟೀನು ನಮ್ಮ ರಕ್ತದಲ್ಲಿದೆ. ಅದರ ಕೊರತೆಯ ಕಾಯಿಲೆಯನ್ನು 1926ರಲ್ಲಿ ವಿವರಿಸಿದ ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಅವರ ಹೆಸರೇ ಈ ಪ್ರೋಟೀನಿಗೂ ಬಂದಿದೆ. ಅದರ ಕಣಗಳು ಉದ್ದವಾದಷ್ಟೂ ಅಂಟುವ ಶಕ್ತಿ ಹೆಚ್ಚು. ವೇಗವಾಗಿ ಸುತ್ತುವ ಪಂಪಿನೊಳಗೆ ಈ ಉದ್ದನೆಯ ಕಣಗಳು ಎಳೆತಕ್ಕೆ ಸಿಕ್ಕಿ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡದ್ದನ್ನು ರಕ್ತದಲ್ಲೇ ಇರುವ ಕಿಣ್ವವೊಂದು ಕತ್ತರಿಸಿಹಾಕುತ್ತದೆ. ಹೀಗೆ ಮಾತ್ರೆ ಒಂದು ಕಡೆ, ಯಂತ್ರ ಇನ್ನೊಂದು ಕಡೆ ಸೇರಿ ರಕ್ತಸ್ರಾವಕ್ಕೆ ದಾರಿಮಾಡುತ್ತವೆ.

ಯೋಜಿಸಿ ಮಾಡುವ ಶಸ್ತ್ರಚಿಕಿತ್ಸೆಯಾದರೆ ಸುಮಾರು ಐದು ದಿನ ಮೊದಲು ವಾರ್ಫರಿನ್ ನಿಲ್ಲಿಸುತ್ತಾರೆ. ಅಗತ್ಯ ಕಂಡವರಿಗೆ ನಡುವಿನ ದಿನಗಳಲ್ಲಿ ಹೆಪಾರಿನ್ ಡ್ರಿಪ್ ಹಾಕಿ, ಚಾಕು ಹಿಡಿಯುವ ಕೆಲವು ಗಂಟೆ ಮೊದಲು ಅದನ್ನೂ ನಿಲ್ಲಿಸುತ್ತಾರೆ. ತುರ್ತು ಶಸ್ತ್ರಚಿಕಿತ್ಸೆಯಲ್ಲಿ ಇಷ್ಟು ಸಮಯವಿಲ್ಲ. ಆಗ ಪ್ಲಾಸ್ಮಾ ಅಥವಾ ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರವನ್ನು ಅಳೆದು ಅಳೆದು ಕೊಡಬೇಕು. ರಕ್ತ ಸೋರುತ್ತಿದೆಯೆಂದು ವಿಟಮಿನ್ ಕೆ ಚುಚ್ಚುಮದ್ದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟುಬಿಟ್ಟರೆ ಮುಂದೆ ದಿನಗಟ್ಟಲೆ ವಾರ್ಫರಿನ್ ಕೆಲಸ ಮಾಡದೆ, ಪಂಪಿನಲ್ಲಿ ಹೆಪ್ಪುಗಟ್ಟುವ ಅಪಾಯ. ಕಸಿಗೆ ಕಾಯುತ್ತಿರುವವರಿಗೆ ರಕ್ತ ಕೊಡುವಾಗಲೂ ವಿಚಾರ ಮಾಡಬೇಕು. ಬೇರೆಯವರ ರಕ್ತದ ಬಿಳಿಕಣಗಳ ವಿರುದ್ಧ ದೇಹ ಪ್ರತಿಕಾಯಗಳನ್ನು ಬೆಳೆಸಿಕೊಂಡರೆ ನಾಳೆ ಹೊಂದುವ ಹೃದಯ ಸಿಗುವುದು ಮತ್ತಷ್ಟು ಕಷ್ಟ. ಅದಕ್ಕೇ ಬಿಳಿಕಣ ಸೋಸಿದ ರಕ್ತವನ್ನು ಕೇಳುತ್ತಾರೆ.

ಕೆಲವೊಮ್ಮೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದೇ ಜಾಣತನ. ಪಿತ್ತಕೋಶದ ಸೋಂಕಿಗೆ ಆಂಟಿಬಯಾಟಿಕ್ ಕೊಟ್ಟು, ಸ್ಕ್ಯಾನಿಂಗ್ ನೋಡುತ್ತ ಚರ್ಮದ ಮೂಲಕ ಸಣ್ಣ ಕೊಳವೆ ಇಳಿಸಿ ಕೀವು ಹೊರಹರಿಸಿದರೆ ರೋಗಿ ಚೇತರಿಸಿಕೊಳ್ಳಲು ಸಮಯ ಸಿಗುತ್ತದೆ. ಹರ್ನಿಯಾ ನೋವಿಲ್ಲದೆ ಇದ್ದರೆ ಕಾಯಬಹುದು. ಕರುಳು ತೂತಾಗಿದ್ದರೆ, ಕೊಳೆಯುತ್ತಿದ್ದರೆ ಕಾಯುವಂತಿಲ್ಲ.

ಥಿಯೇಟರಿನ ಒಳಗೆ

ಈಗ ಪಿತ್ತಕೋಶ ತೆಗೆಯುವ ದಿನ. ರೋಗಿ ಬ್ಯಾಟರಿಯ ಮೇಲೆ ಥಿಯೇಟರಿಗೆ ಬರುತ್ತಾರೆ. ಒಳಗೆ ಬಂದ ಮೇಲೆ ಪಂಪನ್ನು ಗೋಡೆಯ ಕರೆಂಟಿಗೆ ಜೋಡಿಸುತ್ತಾರೆ. ಎರಡು ವೈರುಗಳ ಪೈಕಿ ಒಂದನ್ನು ಕಳಚಿ ಜೋಡಿಸಿದ ಮೇಲೆಯೇ ಇನ್ನೊಂದಕ್ಕೆ ಕೈಹಾಕುವುದು, ಎರಡನ್ನೂ ಒಟ್ಟಿಗೆ ಕಳಚುವುದು ನಿಷಿದ್ಧ. ಪಂಪಿನ ಮಾನಿಟರ್ ಎಲ್ಲರಿಗೂ ಕಾಣುವಂತೆ ನಿಲ್ಲಿಸುತ್ತಾರೆ. ಅದರಲ್ಲಿ ನಾಲ್ಕು ಅಂಕಿ: ಸುತ್ತುವ ವೇಗ, ಎಳೆಯುವ ವಿದ್ಯುತ್ತು, ನಿಮಿಷಕ್ಕೆ ಹರಿಯುವ ರಕ್ತ, ಮಿಡಿತದ ಸೂಚ್ಯಂಕ. ಹರಿವಿನ ಅಂಕಿ ನೇರವಾಗಿ ಅಳೆದದ್ದಲ್ಲ. ವೇಗ, ವಿದ್ಯುತ್ತು ಮತ್ತು ರಕ್ತದ ಸಾಂದ್ರತೆಯಿಂದ ಯಂತ್ರ ಕಟ್ಟುವ ಲೆಕ್ಕ. ರಕ್ತ ತೆಳುವಾದರೆ ಲೆಕ್ಕವೂ ತಪ್ಪುತ್ತದೆ. ಅನುಭವಿ ಅರಿವಳಿಕೆ ತಜ್ಞರು ಒಂದೇ ಅಂಕಿಯನ್ನು ನಂಬದೆ ನಾಲ್ಕನ್ನೂ ಕೂಡಿಸಿ ಓದುತ್ತಾರೆ.

ಮಣಿಕಟ್ಟಿನ ಧಮನಿಗೆ ಸೂಜಿ ಹಾಕಿ ಒತ್ತಡವನ್ನು ಕ್ಷಣಕ್ಷಣವೂ ನೋಡಬೇಕು. ನಾಡಿ ಸಿಗದ್ದರಿಂದ ಧಮನಿಯನ್ನು ಅಲ್ಟ್ರಾಸೌಂಡ್‌ನಿಂದಲೇ ಹುಡುಕಬೇಕು. ಅನ್ನನಾಳದ ಮೂಲಕ ಇಳಿಸುವ ಎಕೋ ಸಾಧನ ಬಲ ಹೃತ್ಕುಕ್ಷಿ ಊದುತ್ತಿದೆಯೇ, ಎಡ ಹೃತ್ಕುಕ್ಷಿ ಬರಿದಾಗುತ್ತಿದೆಯೇ ಎಂಬುದನ್ನು ಕಣ್ಣಿಗೆ ಕಾಣಿಸುತ್ತದೆ. ಬೆನ್ನುಹುರಿಯ ಪಕ್ಕ ಚುಚ್ಚುವ ಅರಿವಳಿಕೆಯನ್ನು ಸಾಮಾನ್ಯವಾಗಿ ಬಿಡುತ್ತಾರೆ, ರಕ್ತ ತೆಳುವಾಗಿರುವಾಗ ಅಲ್ಲಿ ರಕ್ತ ತುಂಬಿಕೊಂಡರೆ ಕಾಲಿನ ಬಲವೇ ಹೋಗಬಹುದು.

ಶಸ್ತ್ರಚಿಕಿತ್ಸಕರ ಮೊದಲ ಕೆಲಸ ಚಾಕು ಹಿಡಿಯುವುದಲ್ಲ, ಡ್ರೈವ್‌ಲೈನ್ ಹುಡುಕುವುದು. ಪಂಪಿಗೆ ವಿದ್ಯುತ್ತು ಒಯ್ಯುವ ಈ ವೈರು ಎದೆಯಿಂದ ಇಳಿದು, ಹೊಟ್ಟೆಯ ಗೋಡೆಯೊಳಗೆ ಹಾದು, ಪಕ್ಕೆಯ ಕೆಳಗೆಲ್ಲೋ ಚರ್ಮದಿಂದ ಹೊರಬರುತ್ತದೆ. ಎಕ್ಸ್‌ರೇ, ಸಿ.ಟಿ. ಅಥವಾ ಅಲ್ಟ್ರಾಸೌಂಡ್ ನೋಡಿ ಅದರ ದಾರಿಯನ್ನು ಚರ್ಮದ ಮೇಲೆ ಪೆನ್ನಿನಿಂದ ಬರೆದುಕೊಳ್ಳುತ್ತಾರೆ. ಲ್ಯಾಪರೊಸ್ಕೋಪಿಯ, ಅಂದರೆ ಸಣ್ಣ ತೂತಿನ ಶಸ್ತ್ರಚಿಕಿತ್ಸೆಯ, ಕೊಳವೆಗಳನ್ನು ತೂರಿಸುವ ತೂತುಗಳು ಆ ಗೆರೆಯಿಂದ ದೂರ ಇರಬೇಕು. ಪಿತ್ತಕೋಶ ಇರುವುದೂ ಬಲಪಕ್ಕೆಯಲ್ಲಿ. ವೈರು ಅದೇ ಬದಿಗೆ ಬಂದಿದ್ದರೆ ಪ್ರತಿ ತೂತಿನ ಜಾಗವನ್ನೂ ಹೊಸದಾಗಿ ಯೋಚಿಸಬೇಕು. ವೈರು ತುಂಡಾದರೆ ಪಂಪು ನಿಲ್ಲುತ್ತದೆ. ವೈರಿಗೆ ಸೋಂಕು ತಗುಲಿದರೂ ತಿಂಗಳುಗಟ್ಟಲೆ ಕಾಟ.

ಚರ್ಮ, ಮಾಂಸ ಸುಟ್ಟು ರಕ್ತ ನಿಲ್ಲಿಸುವ ಡಯಾಥರ್ಮಿಯದೂ ಒಂದು ಲೆಕ್ಕ. ಎರಡು ತುದಿಯ ನಡುವೆಯೇ ವಿದ್ಯುತ್ತು ಹರಿಯುವ ಬೈಪೋಲಾರ್ ಸುರಕ್ಷಿತ. ಸಾಮಾನ್ಯ ಮೋನೋಪೋಲಾರ್ ಬಳಸುವುದಾದರೆ ತೊಡೆಗೆ ಪ್ಯಾಡ್ ಅಂಟಿಸಿ, ವಿದ್ಯುತ್ತಿನ ದಾರಿ ಎದೆಯನ್ನು ದಾಟದಂತೆ ನೋಡಿಕೊಳ್ಳುತ್ತಾರೆ. ಎಷ್ಟೋ ರೋಗಿಗಳ ಎದೆಯಲ್ಲಿ ಲಯ ತಪ್ಪಿದಾಗ ಶಾಕ್ ಕೊಡುವ ಐಸಿಡಿ ಎಂಬ ಇನ್ನೊಂದು ಯಂತ್ರವೂ ಇರುತ್ತದೆ. ಡಯಾಥರ್ಮಿಯ ವಿದ್ಯುತ್ತನ್ನು ಅದು ಲಯದೋಷವೆಂದು ತಪ್ಪಾಗಿ ತಿಳಿದು ಶಾಕ್ ಕೊಡದಂತೆ ತಾತ್ಕಾಲಿಕವಾಗಿ ಅದನ್ನು ನಿಲ್ಲಿಸಿ, ಹೊರಗಿನ ಶಾಕ್ ಪ್ಯಾಡುಗಳನ್ನು ಮೊದಲೇ ಅಂಟಿಸಿಡುತ್ತಾರೆ.

ನಿಜವಾದ ಪರೀಕ್ಷೆ ಶುರುವಾಗುವುದು ಹೊಟ್ಟೆಗೆ ಗಾಳಿ ತುಂಬುವಾಗ. ಲ್ಯಾಪರೊಸ್ಕೋಪಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಸಾಮಾನ್ಯ ರೋಗಿಗೆ 12ರಿಂದ 15 ಮಿ.ಮೀ. ಪಾದರಸದ ಒತ್ತಡ. ಆ ಒತ್ತಡ ಹೊಟ್ಟೆಯ ದೊಡ್ಡ ಅಭಿಧಮನಿಯನ್ನು ಅಮುಕಿ ಹೃದಯಕ್ಕೆ ಬರುವ ರಕ್ತವನ್ನು ತಗ್ಗಿಸುತ್ತದೆ. ಪಿತ್ತಕೋಶ ಕಾಣಲೆಂದು ತಲೆಕಡೆ ಎತ್ತಿ ಮಲಗಿಸಿದರೆ ರಕ್ತ ಕಾಲಿನ ಕಡೆ ನಿಂತು ಇನ್ನಷ್ಟು ಕಡಿಮೆ. ರಕ್ತಕ್ಕೆ ಸೇರಿದ ಡೈಆಕ್ಸೈಡ್ ಶ್ವಾಸಕೋಶದ ನಾಳಗಳನ್ನು ಬಿಗಿಗೊಳಿಸಿ ಬಲ ಹೃತ್ಕುಕ್ಷಿಯ ಭಾರ ಹೆಚ್ಚಿಸುತ್ತದೆ. ಮೂರೂ ಒಟ್ಟಿಗೆ ಬಂದರೆ ಎಡಗಡೆಗೆ ರಕ್ತ ಬರುವುದೇ ನಿಲ್ಲುತ್ತದೆ. ಮಾನಿಟರಿನಲ್ಲಿ ಮಿಡಿತದ ಸೂಚ್ಯಂಕ ಇಳಿಯುತ್ತದೆ, ಹರಿವು ನಿಮಿಷಕ್ಕೆ 2.5 ಲೀಟರಿಗಿಂತ ಕೆಳಗಾದರೆ ಅಲಾರಂ ಹೊಡೆಯುತ್ತದೆ.

ಆದ್ದರಿಂದ ಇಲ್ಲಿ ಎಲ್ಲವೂ ನಿಧಾನ. ಗಾಳಿಯ ಒತ್ತಡ 8ರಿಂದ 10ಕ್ಕೆ ಸೀಮಿತ. ಮೇಜನ್ನು ಸ್ವಲ್ಪ ಸ್ವಲ್ಪವೇ ವಾಲಿಸಿ ಪ್ರತಿ ಸಲವೂ ಅಂಕಿ ನೋಡುವುದು. ಹರಿವು ತಗ್ಗಿದರೆ ಗಾಳಿ ಬಿಟ್ಟು, ಮೇಜನ್ನು ಮಟ್ಟಸಮ ಮಾಡಿ, ದ್ರವ ಕೊಟ್ಟು, ಬೇಕಿದ್ದರೆ ಪಂಪಿನ ವೇಗ ತಗ್ಗಿಸುವುದು. ಬಲಭಾಗ ಸೋಲುತ್ತಿದ್ದರೆ ಮಿಲ್ರಿನೋನ್‌ನಂಥ ಔಷಧಿ, ಉಸಿರಿನ ಮೂಲಕ ನೈಟ್ರಿಕ್ ಆಕ್ಸೈಡ್. ಹರಿವು ಕಡಿಮೆಯಾಯಿತೆಂದು ವೇಗ ಹೆಚ್ಚಿಸುವುದು ಅನನುಭವಿಗಳು ಮಾಡುವ ತಪ್ಪು. ಬರಿದಾದ ಹೃತ್ಕುಕ್ಷಿಯನ್ನು ಇನ್ನಷ್ಟು ಜೋರಾಗಿ ಹೀರಿದರೆ ಗೋಡೆ ಪಂಪಿನ ಬಾಯಿಗೆ ಮತ್ತಷ್ಟು ಅಂಟುತ್ತದೆ.

ಶಸ್ತ್ರಚಿಕಿತ್ಸೆ ಮುಗಿದು ರಕ್ತ ಸೋರುವುದು ನಿಂತಿದೆ ಎಂದು ಖಾತ್ರಿಯಾದ ಮೇಲೆ, ಸಾಮಾನ್ಯವಾಗಿ ಒಂದೆರಡು ದಿನದೊಳಗೆ, ಹೆಪಾರಿನ್ ಮತ್ತೆ ಶುರುಮಾಡಿ ಆಮೇಲೆ ವಾರ್ಫರಿನ್‌ಗೆ ಮರಳುತ್ತಾರೆ. ಬೇಗ ಶುರುಮಾಡಿದರೆ ಗಾಯದಲ್ಲಿ ರಕ್ತ, ತಡ ಮಾಡಿದರೆ ಪಂಪಿನಲ್ಲಿ ಹೆಪ್ಪು.

ಈ ರೋಗಿಗಳನ್ನು ಶಸ್ತ್ರಚಿಕಿತ್ಸಕರ ಬಳಿಗೆ ಹೆಚ್ಚಾಗಿ ತರುವ ತೊಂದರೆ ಪಿತ್ತಕೋಶದ್ದಲ್ಲ, ಕರುಳಿನ ರಕ್ತಸ್ರಾವದ್ದು. ಹಳೆಯ ತಲೆಮಾರಿನ ಪಂಪುಗಳಲ್ಲಿ ಐವರಲ್ಲಿ ಒಬ್ಬರಿಗಾದರೂ ಇದು ಬರುತ್ತಿತ್ತು. ಕರುಳಿನ ಒಳಪದರದಲ್ಲಿ ಸಣ್ಣ, ತೆಳುಗೋಡೆಯ ರಕ್ತನಾಳಗಳ ಗೊಂಚಲು ಬೆಳೆದು ಒಡೆಯುತ್ತವೆ. ಬಡಿತವಿಲ್ಲದ ಹರಿವೇ ಇದಕ್ಕೆ ಕಾರಣವಿರಬಹುದೆಂಬುದು ವೈದ್ಯರ ಬಲವಾದ ಅನುಮಾನ. ಮಲ ಡಾಂಬರಿನ ಹಾಗೆ ಕಪ್ಪಾದರೆ, ಸುಸ್ತು ಹೆಚ್ಚಾದರೆ ತಡಮಾಡದೆ ತೋರಿಸಬೇಕು. ಎಂಡೋಸ್ಕೋಪಿಯಲ್ಲೇ ಕ್ಲಿಪ್ ಹಾಕಿ ಅಥವಾ ಸುಟ್ಟು ನಿಲ್ಲಿಸಿದರೆ ಹೊಟ್ಟೆ ಕೊಯ್ಯುವ ಪ್ರಸಂಗ ಎಷ್ಟೋ ಸಲ ತಪ್ಪುತ್ತದೆ.

ಮಳೆಗಾಲದ ಲೆಕ್ಕ

ಪಂಪು ಹಾಕಿಸಿಕೊಂಡವರು ಬೆಂಗಳೂರಿನಲ್ಲಿ ಇರುವುದಕ್ಕೂ ಮಲೆನಾಡಿನಲ್ಲಿ ಇರುವುದಕ್ಕೂ ವ್ಯತ್ಯಾಸವಿದೆ. ಹಾರ್ಟ್‌ಮೇಟ್ 3ರ ಒಂದು ಜೊತೆ ಹೊಸ ಬ್ಯಾಟರಿ ಗರಿಷ್ಠ 17 ಗಂಟೆ ಬರುತ್ತದೆ. ನಾಲ್ಕು ಜೊತೆ ಇದ್ದರೆ ಕಾಗದದ ಮೇಲೆ 68 ಗಂಟೆ. ಬ್ಯಾಟರಿ ಹಳತಾದಂತೆ ಇದು ಕಡಿಮೆಯಾಗುತ್ತದೆ. ಕಂಟ್ರೋಲರಿನೊಳಗಿನ ತುರ್ತು ಬ್ಯಾಟರಿ ಸುಮಾರು 15 ನಿಮಿಷಕ್ಕೆ ಮಾತ್ರ. ಜುಲೈ ತಿಂಗಳ ಗಾಳಿಮಳೆಗೆ ಲೈನಿನ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಅನುಭವ ಕಳಸ, ಕೊಟ್ಟಿಗೆಹಾರದ ಕಡೆಯವರಿಗೆ ಹೊಸದಲ್ಲ. ಹಾಗಾಗಿ ಜನರೇಟರ್ ಇಲ್ಲದ ಮನೆಗೆ ಇಂಥ ರೋಗಿಯನ್ನು ಕಳಿಸಬಾರದು. ಮಳೆಗಾಲದಲ್ಲಿ ದಾರಿಯ ಲೆಕ್ಕವೂ ಬೇರೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿ, ಮೂಡಿಗೆರೆ ಕಡೆಯವರಿಗೆ ಮಂಗಳೂರಿನ ಆಸ್ಪತ್ರೆಗಳ ಹತ್ತಿರದ ದಾರಿಯೇ ಕಡಿದಿತ್ತು.

ಡ್ರೈವ್‌ಲೈನ್ ಹೊರಬರುವ ಜಾಗ ಸದಾ ಒಣಗಿರಬೇಕು. ಮೈಮೇಲಿನ ಬಟ್ಟೆಯೂ ಒಣಗದ ಆಷಾಢದಲ್ಲಿ ದಿನವೂ ಕೈ ತೊಳೆದು, ಶುದ್ಧ ಪಟ್ಟಿ ಬದಲಿಸುವುದು ಮನೆಯವರ ಕೆಲಸ. ಭದ್ರಾ ನದಿಯಲ್ಲಿ ಮುಳುಗು ಹಾಕುವಂತಿಲ್ಲ. ತೋಟದಲ್ಲಿ ಇಂಬಳ ಕಚ್ಚಿದರೆ ಇತರರಿಗೆ ಸ್ವಲ್ಪ ಹೊತ್ತಿಗೆ ನಿಲ್ಲುವ ರಕ್ತ ಇವರಿಗೆ ಬಹಳ ಹೊತ್ತು ಸೋರುತ್ತದೆ. ಪತ್ರೊಡೆಯ ಕೆಸುವಿನ ಎಲೆ, ನುಗ್ಗೆಸೊಪ್ಪು ವಿಟಮಿನ್ ಕೆ ತುಂಬಿದವು. ಬಿಡಬೇಕೆಂದಿಲ್ಲ, ಆದರೆ ಒಂದು ವಾರ ರಾಶಿ ತಿಂದು ಮರುವಾರ ಪೂರಾ ಬಿಟ್ಟರೆ ವಾರ್ಫರಿನ್ನಿನ ತೂಕ ತಪ್ಪುತ್ತದೆ.

ಪಂಪಿನ ಬೆಲೆ, ಶಸ್ತ್ರಚಿಕಿತ್ಸೆ ಎಲ್ಲ ಸೇರಿ ನಮ್ಮಲ್ಲಿ ಖರ್ಚು ಒಂದು ಕೋಟಿ ರೂಪಾಯಿಯ ಆಸುಪಾಸು ಬರುತ್ತದೆ. ಅದಕ್ಕೇ ಇಂಥ ರೋಗಿಗಳು ನಮ್ಮ ರಾಜ್ಯದಲ್ಲಿ ಇನ್ನೂ ವಿರಳ. ವಿರಳವಾಗಿರುವುದರಿಂದಲೇ ತಾಲ್ಲೂಕು ಆಸ್ಪತ್ರೆಯ ವೈದ್ಯರು ಒಬ್ಬರನ್ನೂ ನೋಡಿರುವುದಿಲ್ಲ. ಈ ಕಂದರವನ್ನು ತುಂಬುವ ದಾರಿಯೂ ನಮ್ಮ ನೆಲದಲ್ಲೇ ಇದೆ. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಮೂಲಕ ಕರಾವಳಿ, ಮಲೆನಾಡಿನ ಹಳ್ಳಿಗಳ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಕೊಡಿಸಿ, ವಾಟ್ಸಾಪ್‌ನಲ್ಲಿ ಬಂದ ಇಸಿಜಿ ನೋಡಿ ಸಲಹೆ ಕೊಡುವ ಜಾಲ ಕಟ್ಟಿದ್ದಾರೆ. ಹಳ್ಳಿಯ ವೈದ್ಯರ ಕೈಗೆ ತಜ್ಞರ ಕಣ್ಣು ಸಿಕ್ಕರೆ ಎಷ್ಟು ಜೀವ ಉಳಿಯುತ್ತವೆ ಎಂಬುದಕ್ಕೆ ಅದೇ ಸಾಕ್ಷಿ. ಪಂಪಿನ ರೋಗಿಗೂ ಬೇಕಿರುವುದು ಇಂಥ ಜಾಲವೇ.

ಪಂಪು ಅಳವಡಿಸುವ ಆಸ್ಪತ್ರೆಗಳಿಗೆ ಒಂದು ಮಾತು. ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಅವರ ಊರಿನ ತಾಲ್ಲೂಕು ಆಸ್ಪತ್ರೆಗೆ, ಆಂಬುಲೆನ್ಸಿನವರಿಗೆ, ವಿದ್ಯುತ್ ಕಚೇರಿಗೆ ಕನ್ನಡದಲ್ಲಿ ಬರೆದ ಒಂದು ಪುಟ ತಲುಪಿಸಿ. ವೈದ್ಯರಿಗೆ ಇನ್ನೊಂದು ಮಾತು. ನಾಡಿ ಹುಡುಕಬೇಡಿ, ಗುಂಯ್ ಶಬ್ದ ಕೇಳಿ. ವೈರು ಕಳಚಬೇಡಿ, ಕತ್ತರಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ವಿರುದ್ಧ ಔಷಧಿಯನ್ನೂ ಆತುರದಲ್ಲಿ ಕೊಡಬೇಡಿ. ಪಂಪು ಅಳವಡಿಸಿದ ತಂಡಕ್ಕೆ ತಕ್ಷಣ ಫೋನ್ ಮಾಡಿ. ಮನೆಯವರಿಗೆ ಹೇಳುವುದಿಷ್ಟು. ಪಂಪಿನ ಹೆಸರು, ಬೆಂಗಳೂರಿನ ತಂಡದ ಫೋನ್ ನಂಬರು, ಕೊನೆಯ ಐಎನ್‌ಆರ್ ಅಂಕಿ ಬರೆದ ಚೀಟಿ ರೋಗಿಯ ಜೇಬಿನಲ್ಲಿ ಸದಾ ಇರಲಿ. ಚಾರ್ಜ್ ಮಾಡಿದ ಬ್ಯಾಟರಿಗಳು ಮತ್ತು ಹೆಚ್ಚುವರಿ ಕಂಟ್ರೋಲರ್ ಇರುವ ಚೀಲವಿಲ್ಲದೆ ಆಸ್ಪತ್ರೆಗಿರಲಿ, ಪಕ್ಕದ ತೋಟಕ್ಕೂ ಅವರನ್ನು ಕಳಿಸಬೇಡಿ.